ಐಕಾನ್ ಕೂಡ ಸೋರ್ಸ್ ಕೋಡೇ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಫೋನೋ ಕಂಪ್ಯೂಟರೋ ಹತ್ತಿರದಲ್ಲೇ ಇದ್ದರೆ ಒಮ್ಮೆ ಅದರ ಪರದೆ ನೋಡಿ. ಅಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಇರಬಹುದು, ವಿಡಿಯೋ ನೋಡುವ ವಿಎಲ್‌ಸಿ ಇರಬಹುದು, ಚಿತ್ರ ತಿದ್ದುವ ಗಿಂಪ್ ಇರಬಹುದು. ಅವುಗಳ ಹೆಸರನ್ನು ನೀವು ಓದುವುದೇ ಇಲ್ಲ, ಅಲ್ವಾ? ಬಣ್ಣ ಕಾಣುತ್ತದೆ, ಆಕಾರ ಕಾಣುತ್ತದೆ, ಬೆರಳು ಅಲ್ಲಿಗೆ ಹೋಗುತ್ತದೆ. ಆ ಪುಟ್ಟ ಚಿತ್ರವೇ ಐಕಾನ್. ಓಪನ್ ಸೋರ್ಸ್ ತಂತ್ರಾಂಶವೊಂದರ ಐಕಾನನ್ನು ಹೊಸದಾಗಿ ಬಿಡಿಸಬೇಕಾಗಿ ಬಂದಾಗ ಏನೇನು ನೋಡಬೇಕು ಎಂದು ಇವತ್ತು ಮಾತಾಡೋಣ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕೋಡನ್ನು ಹೇಗೆ ಯಾರು ಬೇಕಾದರೂ ತೆಗೆದು ನೋಡಬಹುದೋ, ತಿದ್ದಬಹುದೋ, ಹಂಚಬಹುದೋ, ಐಕಾನ್ ಕೂಡ ಹಾಗೇ ಇರಬೇಕು. ಎಷ್ಟೋ ಯೋಜನೆಗಳಲ್ಲಿ ಕೋಡಿಗೆ ಸಿಗುವ ಈ ಮರ್ಯಾದೆ ಚಿತ್ರಕ್ಕೆ ಸಿಗುವುದಿಲ್ಲ.

ವಿಎಲ್‌ಸಿಯಿಂದಲೇ ಶುರು ಮಾಡೋಣ. ಕಿತ್ತಳೆ ಮತ್ತು ಬಿಳಿ ಪಟ್ಟಿಯ ಟ್ರಾಫಿಕ್ ಕೋನ್. ವಿಡಿಯೋ ನೋಡುವುದಕ್ಕೂ ರಸ್ತೆಯ ಕೋನ್‌ಗೂ ಏನು ಸಂಬಂಧ? ಏನೂ ಇಲ್ಲ. ವಿಎಲ್‌ಸಿ ಪ್ಯಾರಿಸ್ ಬಳಿಯ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಕೈಗೆತ್ತಿಕೊಂಡ ಕೆಲಸ. ಅಲ್ಲಿನ ನೆಟ್‌ವರ್ಕ್ ಸಂಘದವರು ಇಂಥ ಕೋನ್‌ಗಳನ್ನು ತಂದು ಕೂಡಿಹಾಕುತ್ತಿದ್ದರು, ಅದೇ ತಂತ್ರಾಂಶದ ಗುರುತೂ ಆಯಿತು. ಮೊದಲಿನ ಚಿತ್ರ ಕೈಯಲ್ಲಿ ಬಿಡಿಸಿದ್ದು, ಬಹಳ ಚಿಕ್ಕದು. 2006ರಲ್ಲಿ ರಿಚರ್ಡ್ ಓಯೆಸ್ಟಾಡ್ ಅದನ್ನು ದೊಡ್ಡ ಪರದೆಗೂ ಒಗ್ಗುವ ಹಾಗೆ ಹೊಸದಾಗಿ ಮಾಡಿಕೊಟ್ಟರು. ಕೋನ್ ಕೋನ್ ಆಗಿಯೇ ಉಳಿಯಿತು. ಆಗ ಯಾರಾದರೂ, ವಿಡಿಯೋ ಅಂದಮೇಲೆ ಪ್ಲೇ ಬಟನ್ ತರಹದ ತ್ರಿಕೋನ ಹಾಕೋಣ ಎಂದು ಹಟ ಹಿಡಿದಿದ್ದರೆ ಇವತ್ತು ಅದು ನೂರು ಪ್ಲೇಯರ್‌ಗಳ ನಡುವೆ ಕಳೆದುಹೋಗುತ್ತಿತ್ತು. ಐಕಾನ್ ಏನು ಕೆಲಸ ಮಾಡುತ್ತೆ ಅಂತ ವಿವರಿಸಲೇಬೇಕು ಎಂದೇನಿಲ್ಲ. ಜನ ಬಳಸುತ್ತಾ ಬಳಸುತ್ತಾ ಅರ್ಥ ತಾನಾಗಿ ಬಂದು ಸೇರುತ್ತದೆ. ಹಾಗೆ ಸೇರಿದ ಅರ್ಥವನ್ನು ಹೊಸ ಚಿತ್ರದ ಹುರುಪಿನಲ್ಲಿ ಚೆಲ್ಲಬಾರದು.

ಹಾಗಾದರೆ ಬದಲಿಸುವುದಾದರೂ ಯಾಕೆ? ಗಟ್ಟಿ ಕಾರಣಗಳು ಇರುತ್ತವೆ. ಯಾವುದೋ ಕಾಲದ 48 ಪಿಕ್ಸೆಲ್ ಚಿತ್ರವೊಂದೇ ಉಳಿದಿದ್ದು, ಈಗಿನ ಪರದೆಯಲ್ಲಿ ಅದು ಮಸುಕಾಗಿ ಕಾಣುತ್ತಿರಬಹುದು. ಕಪ್ಪು ಹಿನ್ನೆಲೆಯಲ್ಲಿ ಮಾಯವಾಗುತ್ತಿರಬಹುದು. ಫೋನಿನಲ್ಲಿ ಅಂಚು ಕತ್ತರಿಸಿ ಹೋಗುತ್ತಿರಬಹುದು. ಇನ್ನೊಂದು ಆ್ಯಪ್‌ನ ಐಕಾನಿನಂತೆಯೇ ಇದ್ದು ಜನ ತಪ್ಪಾಗಿ ಒತ್ತುತ್ತಿರಬಹುದು. ಇವೆಲ್ಲ ಸರಿಯಾದ ಕಾರಣ. ಆದರೆ ಸುಮ್ನೆ "ಹಳೇದಾಗಿ ಕಾಣುತ್ತೆ" ಎಂಬುದೊಂದೇ ಕಾರಣವಾದರೆ ಸ್ವಲ್ಪ ತಡೆಯಿರಿ. ಯಾರಿಗೆ ಹಳೆಯದು? ದಿನಾ ಬಳಸುವವರಿಗೆ ಅದು ಕತ್ತಲಲ್ಲೂ ಕೈಗೆ ಸಿಗುವ ದೀಪದ ಸ್ವಿಚ್ಚಿನ ಹಾಗೆ. ಅದನ್ನು ಗೋಡೆಯ ಇನ್ನೊಂದು ಕಡೆಗೆ ಸರಿಸುವ ಮುಂಚೆ ಮನೆಯವರನ್ನು ಕೇಳಬೇಕಾಗುತ್ತದೆ.

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ 2023ರಲ್ಲಿ ಹೊಸ ಐಕಾನ್ ತಂದಿತು. ಅದನ್ನು ಬಿಡಿಸಿದವರು ಜಾನ್ ಹಿಕ್ಸ್. ಥಂಡರ್‌ಬರ್ಡ್‌ನ ಮೊದಲ ಐಕಾನೂ ಅವರದೇ, ಫೈರ್‌ಫಾಕ್ಸ್‌ನ ಮೊದಲ ಐಕಾನೂ ಅವರ ಕೈಯಿಂದಲೇ ಬಂದಿದ್ದು. ನೀಲಿ ಹಕ್ಕಿ, ಅದು ಸುತ್ತಿಕೊಂಡು ಹಿಡಿದಿರುವ ಬಿಳಿ ಲಕೋಟೆ ಎರಡೂ ಹಾಗೇ ಉಳಿದವು. ಗರಿಗಳ ಸಣ್ಣ ಸಣ್ಣ ವಿವರ ಹೋಗಿ ಆಕಾರ ಚೊಕ್ಕವಾಯಿತು. ಗಿಂಪ್‌ನಲ್ಲೂ ಇದೇ ಕಥೆ. ವಿಲ್ಬರ್ ಎಂಬ ಅದರ ಪ್ರಾಣಿಯನ್ನು 1997ರಲ್ಲಿ ಟುವೊಮಾಸ್ ಕುವೊಸ್ಮಾನೆನ್ ಬಿಡಿಸಿದರು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಗೆ ಹೊಸ ಲೋಗೋ ಮಾಡಿದರು, ಆದರೆ ವಿಲ್ಬರ್ ಜಾಗ ಬಿಟ್ಟು ಹೋಗಲಿಲ್ಲ. ಇನ್ನು ಫೈರ್‌ಫಾಕ್ಸ್ ವಿಷಯ ನಿಮಗೆ ನೆನಪಿರಬಹುದು. 2019ರಲ್ಲಿ ಆ ಕುಟುಂಬದ ಎಲ್ಲ ಸೇವೆಗಳಿಗೂ ಸೇರಿ ನರಿಯಿಲ್ಲದ ಒಂದು ಗುರುತು ಮಾಡಿದರು. ಬ್ರೌಸರಿನ ಐಕಾನ್‌ನಲ್ಲಿ ನರಿ ಇದ್ದೇ ಇತ್ತು. ಆದರೂ ನರಿಯನ್ನು ತೆಗೆದೇಬಿಟ್ಟರಂತೆ ಎಂಬ ಸುದ್ದಿ 2021ರಲ್ಲಿ ಎಷ್ಟು ಹಬ್ಬಿತು ಎಂದರೆ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ ಮುಂದೆ ಬಂದು ನರಿ ಎಲ್ಲೂ ಹೋಗಿಲ್ಲ ಎಂದು ಹೇಳಬೇಕಾಯಿತು. ಒಂದು ಚಿತ್ರದ ಮೇಲೆ ಜನರಿಗೆ ಎಷ್ಟು ಹಕ್ಕಿದೆ ಅನ್ನೋದು ಇಂಥ ಹೊತ್ತಲ್ಲಿ ಗೊತ್ತಾಗುತ್ತದೆ. ಆ ಹಕ್ಕನ್ನು ನಾನು ತುಂಬ ಗೌರವಿಸುತ್ತೇನೆ.

ಈಗ ಬಿಡಿಸುವ ಕೆಲಸಕ್ಕೆ ಬರೋಣ. ಸಾಮಾನ್ಯವಾಗಿ ಎಲ್ಲರೂ ದೊಡ್ಡ ಹಾಳೆ ತೆರೆದು, 1024 ಪಿಕ್ಸೆಲ್ ಅಗಲದಲ್ಲಿ ಚೆಂದದ ಚಿತ್ರ ಮಾಡಿ, ಕೊನೆಗೆ ಅದನ್ನು ಕುಗ್ಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗು ದಾರಿ. ಮೊದಲು 16 ಪಿಕ್ಸೆಲ್‌ನಲ್ಲಿ ಏನು ಉಳಿಯುತ್ತದೆ ನೋಡಿ. ಬ್ರೌಸರಿನ ಟ್ಯಾಬ್‌ನಲ್ಲಿ ಕಾಣುವ ಐಕಾನ್ ಅಷ್ಟೇ ಇರುತ್ತದೆ: ಅಡ್ಡ 16 ಚುಕ್ಕೆ, ಉದ್ದ 16 ಚುಕ್ಕೆ, ಒಟ್ಟು 256. ಅದರಲ್ಲಿ ನೆರಳು, ಹೊಳಪು, ಅಕ್ಷರ ಯಾವುದೂ ಉಳಿಯುವುದಿಲ್ಲ, ಹೊರಗೆರೆಯೊಂದೇ ಉಳಿಯುತ್ತದೆ. ಹೊರಗೆರೆ ಗುರುತು ಸಿಕ್ಕರೆ ಐಕಾನ್ ಗೆದ್ದ ಹಾಗೆ. ಇನ್ನೊಂದು ಸೂಕ್ಷ್ಮ ಇದೆ. ಒಂದು ಪಿಕ್ಸೆಲ್ ದಪ್ಪದ ಗೆರೆಯನ್ನು ಎರಡು ಪಿಕ್ಸೆಲ್‌ಗಳ ಸರಿಯಾದ ಗಡಿಯ ಮೇಲೆ ಎಳೆದರೆ, ಅದು ಅರ್ಧ ಈ ಕಡೆ ಅರ್ಧ ಆ ಕಡೆ ಬಿದ್ದು, ಕಪ್ಪು ಗೆರೆ ಬೂದು ಬಣ್ಣದ ಎರಡು ಗೆರೆಗಳ ಹಾಗೆ ಕಾಣುತ್ತದೆ. ಅರ್ಧ ಪಿಕ್ಸೆಲ್ ಸರಿಸಿದರೆ ಥಟ್ಟನೆ ಚೂಪಾಗುತ್ತದೆ. ಐಕಾನ್ ಬಿಡಿಸುವವರು ಗಂಟೆಗಟ್ಟಲೆ ಕೂತು ಮಾಡುವುದು ಜಾಸ್ತಿ ಇಂಥದ್ದೇ ಕೆಲಸ. ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮುಂಚೆ ಇದು ಇನ್ನೂ ಕಷ್ಟ ಇತ್ತು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಡೆಸ್ಕ್‌ಟಾಪ್‌ಗಳಿಗೆಲ್ಲ ಒಂದೇ ರೀತಿಯ ಐಕಾನ್ ಇರಲಿ ಎಂದು 2005ರಲ್ಲಿ ಟ್ಯಾಂಗೋ ಎಂಬ ಯೋಜನೆ ಶುರುವಾಯಿತು. ಬಣ್ಣಗಳ ಪಟ್ಟಿ, ಬೆಳಕು ಬೀಳುವ ದಿಕ್ಕು ಎಲ್ಲಕ್ಕೂ ನಿಯಮ ಇತ್ತು, ಒಂದೊಂದು ಅಳತೆಗೂ ಐಕಾನನ್ನು ಬೇರೆ ಬೇರೆಯಾಗಿ ಬಿಡಿಸಬೇಕಿತ್ತು. 16ಕ್ಕೆ ಒಂದು, 22ಕ್ಕೆ ಒಂದು, 32ಕ್ಕೆ ಇನ್ನೊಂದು. ಫಲಿತಾಂಶ ಬಹಳ ಸೊಗಸು, ಆದರೆ ಇಷ್ಟು ಕೈಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಜನ. ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪ್ 2019ರ ಮಾರ್ಚ್‌ನಲ್ಲಿ, 3.32 ಆವೃತ್ತಿಯ ಹೊತ್ತಿಗೆ, ಇದನ್ನೇ ಬದಲಿಸಿತು. 128 ಪಿಕ್ಸೆಲ್ ಚೌಕದ ಒಂದು ಬಣ್ಣದ ಐಕಾನ್, ಅದರ ಜೊತೆ 16 ಪಿಕ್ಸೆಲ್‌ನ ಒಂದು ಒಂಟಿ ಬಣ್ಣದ ಗುರುತು, ಅಷ್ಟೇ. ಆಕಾರಗಳು ಸರಳ, ಅಳತೆಯ ಜಾಲರಿ ಸಿದ್ಧವಾಗಿಯೇ ಸಿಗುತ್ತದೆ, ಬೇರೆ ಬೇರೆ ಹಿನ್ನೆಲೆಯಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸುವ ಪುಟ್ಟ ಆ್ಯಪ್ ಕೂಡ ಇದೆ. ನನಗೆ ಈ ಬದಲಾವಣೆ ತುಂಬಾ ಇಷ್ಟ. ಚಿತ್ರದ ಶೈಲಿಗಿಂತ, ಯಾರು ಬಿಡಿಸಬಲ್ಲರು ಎಂಬುದನ್ನು ಅವರು ಬದಲಿಸಿದರು. ಒಬ್ಬ ಪರಿಣಿತರಿಗಾಗಿ ಕಾಯುತ್ತಿದ್ದ ಆ್ಯಪ್ ತಯಾರಕರು ತಾವೇ ಕೂತು ಒಂದು ಒಳ್ಳೆಯ ಐಕಾನ್ ಮಾಡಿಕೊಳ್ಳುವಂತಾಯಿತು.

ಫೋನಿನ ಲೆಕ್ಕ ಬೇರೆ. ಆಂಡ್ರಾಯ್ಡ್ 8ರಿಂದ, ಅಂದರೆ 2017ರಿಂದ, ಐಕಾನನ್ನು ಎರಡು ಪದರವಾಗಿ ಕೊಡಬೇಕು, ಹಿನ್ನೆಲೆ ಒಂದು, ಮುಂದಿನ ಚಿತ್ರ ಒಂದು. ಫೋನು ಅದನ್ನು ವೃತ್ತವಾಗಿಯೋ ಚೌಕವಾಗಿಯೋ ತನಗೆ ಬೇಕಾದ ಹಾಗೆ ಕತ್ತರಿಸಿಕೊಳ್ಳುತ್ತದೆ. ಪದರದ ಅಳತೆ ಆಂಡ್ರಾಯ್ಡ್‌ನ ಡಿಪಿ ಎಂಬ ಮಾನದಲ್ಲಿ 108, ಆದರೆ ಖಂಡಿತ ಉಳಿಯುತ್ತದೆ ಎಂದು ನಂಬಬಹುದಾದ್ದು ನಡುವಿನ 66ರ ವೃತ್ತ ಮಾತ್ರ. ಅಂಚಿನಲ್ಲಿ ಮುಖ್ಯವಾದದ್ದು ಏನಾದರೂ ಇಟ್ಟಿರೋ, ಅದು ಹೋಯಿತು ಎಂದೇ ಲೆಕ್ಕ. 2022ರ ಆಂಡ್ರಾಯ್ಡ್ 13 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಲ್‌ಪೇಪರಿನ ಬಣ್ಣಕ್ಕೆ ಹೊಂದುವ ಒಂಟಿ ಬಣ್ಣದ ಪದರವನ್ನೂ ತಂದಿತು. ಅಂದರೆ ನಿಮ್ಮ ಐಕಾನಿನ ಬಣ್ಣವೇ ಇಲ್ಲದಿದ್ದರೂ ಅದು ಗುರುತು ಸಿಗಬೇಕು. ಬಣ್ಣ ಕುರುಡು ಇರುವವರಿಗೂ ಇದು ಅಷ್ಟೇ ಮುಖ್ಯ. ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸವನ್ನೇ ನಂಬಿದ ಚಿತ್ರ ಅವರ ಪಾಲಿಗೆ ಬರೀ ಒಂದು ಕಂದು ಮುದ್ದೆ. ಹಾಗಾಗಿ ಬಿಡಿಸಿದ ಮೇಲೆ ಒಮ್ಮೆ ಬಣ್ಣವೆಲ್ಲ ತೆಗೆದು ಬೂದು ಮಾಡಿ ನೋಡಿ. ಅರ್ಥಕ್ಕೆ ಬೇಕಾದ ಚಿತ್ರಭಾಗಕ್ಕೂ ಅದರ ಪಕ್ಕದ ಬಣ್ಣಕ್ಕೂ ಹೊಳಪಿನಲ್ಲಿ ಕನಿಷ್ಠ 3:1 ವ್ಯತ್ಯಾಸ ಇರಲಿ ಎಂದು ವೆಬ್ ಪುಟಗಳ ಮಾರ್ಗಸೂಚಿ 2018ರಿಂದ ಹೇಳುತ್ತಿದೆ. ಐಕಾನಿಗೂ ಅದನ್ನೇ ಅಳತೆಗೋಲು ಮಾಡಿಕೊಂಡರೆ ನಷ್ಟವಿಲ್ಲ.

ಇನ್ನು ನಾನು ಮೊದಲು ಹೇಳಿದ ತಿರುಳಿಗೆ ಬರುತ್ತೇನೆ. ಹಕ್ಕು ಮತ್ತು ಮೂಲ ಕಡತ.

ಲಿನಕ್ಸ್ ಮತ್ತು ತಂತ್ರಾಂಶಗಳನ್ನು ಒಟ್ಟುಮಾಡಿ ಹಂಚುವ ಡೆಬಿಯನ್ ಮತ್ತು ಫೈರ್‌ಫಾಕ್ಸ್ ನಡುವೆ ನಡೆದದ್ದನ್ನು ಓಪನ್ ಸೋರ್ಸ್‌ನಲ್ಲಿ ಚಿತ್ರ ಬಿಡಿಸುವ ಎಲ್ಲರೂ ತಿಳಿದಿರಬೇಕು. ಫೈರ್‌ಫಾಕ್ಸ್‌ನ ಕೋಡ್ ಮುಕ್ತವಾಗಿತ್ತು. ಲೋಗೋ ಆಗ ಹಾಗಿರಲಿಲ್ಲ. ಮುಕ್ತವಲ್ಲದ್ದನ್ನು ಸೇರಿಸುವುದಿಲ್ಲ ಎಂಬುದು ಡೆಬಿಯನ್‌ನ ನಿಯಮ. ಹಾಗಾಗಿ ಲೋಗೋ ಬಿಟ್ಟು, ಹೆಸರಷ್ಟೇ ಇಟ್ಟುಕೊಂಡು ಅವರು ಬ್ರೌಸರ್ ಹಂಚುತ್ತಿದ್ದರು. ಹೆಸರು ಬೇಕಿದ್ದರೆ ಲೋಗೋ ಕೂಡ ಇರಲೇಬೇಕು ಎಂದು 2006ರಲ್ಲಿ ಮೊಜಿಲ್ಲಾ ಹೇಳಿತು. ಡೆಬಿಯನ್ ಹೆಸರನ್ನೇ ಕೈಬಿಟ್ಟು ಐಸ್‌ವೀಸಲ್ ಎಂದು ಇಟ್ಟುಕೊಂಡಿತು. ಫೈರ್‌ಫಾಕ್ಸ್ ಎಂಬ ಹೆಸರು ಡೆಬಿಯನ್‌ಗೆ ಮರಳಿದ್ದು 2016ರಲ್ಲಿ. ಹತ್ತು ವರ್ಷ! ಲಕ್ಷಾಂತರ ಸಾಲು ಕೋಡಿನ ಬಗ್ಗೆ ಇಲ್ಲದ ತಕರಾರು ಒಂದು ಪುಟ್ಟ ಚಿತ್ರದ ಹಕ್ಕಿನಿಂದ ಶುರುವಾಯಿತು.

ಆದ್ದರಿಂದ ಪೆನ್ನು ಹಿಡಿಯುವ ಮುಂಚೆಯೇ ಈ ಮಾತು ಮುಗಿಯಲಿ. ಹಳೆಯ ಐಕಾನ್ ಬಿಡಿಸಿದವರು ಯಾರು, ಯಾವ ಪರವಾನಗಿಯಲ್ಲಿ ಕೊಟ್ಟರು? ಹೊಸದನ್ನು ಯಾವ ಪರವಾನಗಿಯಲ್ಲಿ ಕೊಡುತ್ತೀರಿ? ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಪರವಾನಗಿಯ ಹೆಸರು ಹೇಳಿದ ಕೂಡಲೇ ಎಲ್ಲವೂ ಸರಿಹೋಗಲಿಲ್ಲ. ಅದರಲ್ಲಿ ವಾಣಿಜ್ಯ ಬಳಕೆ ಬೇಡ ಎನ್ನುವ ಷರತ್ತು ಸೇರಿಸಿದರೆ ಅದು ಮುಕ್ತ ತಂತ್ರಾಂಶದ ಜೊತೆ ಹೊಂದುವುದಿಲ್ಲ, ಯಾಕೆಂದರೆ ಮುಕ್ತ ತಂತ್ರಾಂಶವನ್ನು ಮಾರಲೂಬಹುದು. ಯೋಜನೆಯ ಹೆಸರು ಮತ್ತು ಗುರುತನ್ನು ಬೇರೆಯವರು ದುರುಪಯೋಗ ಮಾಡಬಾರದು ಎಂಬ ಆತಂಕ ಇದ್ದರೆ ಅದಕ್ಕೆ ಟ್ರೇಡ್‌ಮಾರ್ಕ್ ಎಂಬ ಬೇರೆ ದಾರಿಯೇ ಇದೆ. ಎರಡನ್ನೂ ಕಲಸಬೇಡಿ.

ಮೂಲ ಕಡತದ ಕಥೆ ಇನ್ನೂ ಬೇಸರದ್ದು. ಎಷ್ಟೋ ಹಳೆಯ ಯೋಜನೆಗಳಲ್ಲಿ ಐಕಾನ್ ಹುಡುಕಿದರೆ ಸಿಗುವುದು ಒಂದು ಪಿಎನ್‌ಜಿ, ಅಂದರೆ ಬರೀ ಚುಕ್ಕೆಗಳ ಸಿದ್ಧ ಚಿತ್ರ ಮಾತ್ರ. ಅದನ್ನು ಬಿಡಿಸಿದ ಕಡತ ಯಾರದೋ ಹಳೆಯ ಕಂಪ್ಯೂಟರಿನಲ್ಲಿ ಉಳಿದು, ಆ ಕಂಪ್ಯೂಟರೂ ಹೋಗಿ, ಅವರೂ ಯೋಜನೆ ಬಿಟ್ಟು ಹೋಗಿರುತ್ತಾರೆ. ಕೋಡಿನಲ್ಲಿ ಹೀಗೆ ಮಾಡಿದರೆ ಯಾರಾದರೂ ಒಪ್ಪುತ್ತಾರಾ? ಹಾಗಾಗಿ ಚಿತ್ರವನ್ನು ತಿದ್ದಬಹುದಾದ ಗೆರೆ, ಆಕಾರಗಳಾಗಿಯೇ ಉಳಿಸುವ ಎಸ್‌ವಿಜಿ ಕಡತವನ್ನು, ಪದರಗಳಿಗೆ ಹೆಸರಿಟ್ಟು, ಅಳತೆಯ ಜಾಲರಿ ಸಮೇತ, ಕೋಡ್ ಇರುವ ಭಂಡಾರದಲ್ಲೇ ಇಡಿ. ಇಂಕ್‌ಸ್ಕೇಪ್‌ನಂಥ ಮುಕ್ತ ಸಾಧನದಲ್ಲಿ ತೆರೆಯಲು ಬರುವಂತಿರಲಿ. ಅಕ್ಷರ ಬಳಸಿದ್ದರೆ ಹೊರಗೆ ಕೊಡುವ ಪ್ರತಿಯಲ್ಲಿ ಅದನ್ನು ಗೆರೆಯಾಗಿ ಮಾರ್ಪಡಿಸಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬೇರೇನೋ ಕಾಣುತ್ತದೆ. ಮಬ್ಬು ನೆರಳಿನ ಫಿಲ್ಟರ್‌ಗಳನ್ನೂ ನಂಬಬೇಡಿ, ಎಲ್ಲ ಕಡೆ ಅವು ಒಂದೇ ಥರ ಕಾಣುವುದಿಲ್ಲ. ಯಾವ ಬಣ್ಣ, ಯಾವ ಕೋನ, ಸುತ್ತ ಎಷ್ಟು ಜಾಗ ಬಿಡಬೇಕು ಎಂದು ಒಂದು ಪುಟದ ಟಿಪ್ಪಣಿ ಬರೆದಿಡಿ. ಮುಂದೆ ಒಂದು ದಿನ ಇನ್ಯಾರೋ ಇದೇ ಕೆಲಸಕ್ಕೆ ಕೂರುತ್ತಾರೆ, ಅವರು ನಿಮ್ಮನ್ನು ಹುಡುಕಿಕೊಂಡು ಬರುವ ಪರಿಸ್ಥಿತಿ ಇರಬಾರದು.

ಇನ್ನು ಚರ್ಚೆ. ಐನೂರು ಸಾಲಿನ ಕೋಡ್ ಬದಲಾವಣೆಗೆ ಇಬ್ಬರು ಮಾತಾಡಿದರೆ ಐಕಾನಿನ ಬಣ್ಣಕ್ಕೆ ಇಡೀ ಸಮುದಾಯ ಮಾತಾಡುತ್ತದೆ. ಅದು ತಪ್ಪಲ್ಲ, ಪ್ರೀತಿ ಇರುವಲ್ಲಿ ಮಾತೂ ಇರುತ್ತದೆ. ಆದರೆ "ಇಷ್ಟ ಆಯ್ತಾ" ಎಂದು ಕೇಳಿದರೆ ಎಲ್ಲ ಉತ್ತರಗಳೂ ಸರಿಯೇ. ಅದರ ಬದಲು, ಈ ಇಪ್ಪತ್ತು ಐಕಾನ್‌ಗಳ ನಡುವೆ ನಮ್ಮದನ್ನು ಹುಡುಕಿ ಎಂದು ಕೇಳಿ. ಚಿಕ್ಕ ಅಳತೆಯಲ್ಲಿ ತೋರಿಸಿ, ಇದೇನು ಕಾಣುತ್ತಿದೆ ಎಂದು ಕೇಳಿ. ಇಂಥ ಉತ್ತರಗಳಿಂದ ಚಿತ್ರ ಸುಧಾರಿಸುತ್ತದೆ. ಮತಕ್ಕೆ ಹಾಕಿ ತೀರ್ಮಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಹತ್ತು ಜನರ ಹತ್ತು ಆಸೆ ಸೇರಿಸಿ ಮಾಡಿದ ಐಕಾನ್ ಯಾರದೂ ಆಗಿರುವುದಿಲ್ಲ. ಎಲ್ಲರ ಮಾತು ಕೇಳಿ, ಕೊನೆಯ ನಿರ್ಧಾರ ಬಿಡಿಸುವವರು ಮತ್ತು ಯೋಜನೆ ನಡೆಸುವವರು ಸೇರಿ ಮಾಡಲಿ. ಸ್ಪರ್ಧೆ ಇಟ್ಟು ಐವತ್ತು ಜನರಿಂದ ಪುಕ್ಕಟೆ ದುಡಿಸಿ, ಒಂದನ್ನು ಆರಿಸಿ, ಉಳಿದದ್ದನ್ನು ಮೂಲೆಗೆ ತಳ್ಳುವುದಂತೂ ಬೇಡವೇ ಬೇಡ.

ಬಿಡುಗಡೆಯ ದಿನ ಹಳೆಯ ಐಕಾನ್ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಬೇಕಾಗುತ್ತದೆ. ವಿಂಡೋಸ್‌ನ ಐಸಿಒ ಎಂಬ ಐಕಾನ್ ಕಡತದೊಳಗೆ ಹಲವು ಅಳತೆಗಳು ಒಟ್ಟಿಗೆ ಇರುತ್ತವೆ, ಒಂದನ್ನು ಮರೆತರೆ ಅಲ್ಲಿ ಹಳೆಯದೇ ಇಣುಕುತ್ತದೆ. ಇನ್‌ಸ್ಟಾಲರ್, ಸಹಾಯ ಪುಟ, ಆ್ಯಪ್ ಅಂಗಡಿಯ ಪುಟ, ಲಿನಕ್ಸ್ ವಿತರಣೆಗಳು ಇಟ್ಟುಕೊಂಡಿರುವ ಪ್ರತಿ, ಎಲ್ಲವೂ ಬದಲಾಗಬೇಕು. ಬಿಡುಗಡೆ ಟಿಪ್ಪಣಿಯಲ್ಲಿ ಹಳೆಯದು ಮತ್ತು ಹೊಸದು ಎರಡನ್ನೂ ಅಕ್ಕಪಕ್ಕ ತೋರಿಸಿ, ಯಾಕೆ ಬದಲಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಅಪ್‌ಡೇಟ್ ಆದ ಮೇಲೆ ಆ್ಯಪ್ ಎಲ್ಲಿ ಹೋಯಿತು ಎಂದು ಹುಡುಕುವವರಿಗೆ ಅದು ಬೇಕು. ಮತ್ತು "ಈ ತಂತ್ರಾಂಶದ ಬಗ್ಗೆ" ಎಂಬ ಕಿಟಕಿಯಲ್ಲಿ ಕೋಡ್ ಬರೆದವರ ಹೆಸರಿನ ಸಾಲಿನಲ್ಲೇ, ಹೊಸ ಐಕಾನ್ ಬಿಡಿಸಿದವರ ಹೆಸರನ್ನೂ ಹಾಕಿ. ಅದರ ಜೊತೆಗೆ, ಹಳೆಯದನ್ನು ಬಿಡಿಸಿದವರ ಹೆಸರನ್ನು ತೆಗೆಯಬೇಡಿ.