ಮದುವೆ ಮಂಟಪದ ಅಲಂಕಾರ: ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಗೊತ್ತಾದ ಕೂಡಲೇ ಮನೆಯವರು ಮೊದಲು ಓಡುವುದು ಛತ್ರ ಹಿಡಿಯುವುದಕ್ಕೆ. ಆಮೇಲೆ ಅಡುಗೆಯವರು, ಪುರೋಹಿತರು, ಸೀರೆ, ಒಡವೆ. ಅಲಂಕಾರದ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಕೈಯಲ್ಲಿನ ದುಡ್ಡೂ ಕರಗಿರುತ್ತದೆ, ಕೂತು ಯೋಚಿಸುವ ತ್ರಾಣವೂ ಉಳಿದಿರುವುದಿಲ್ಲ. ಡೆಕೋರೇಷನ್‌ನವರು ಮೊಬೈಲಿನಲ್ಲಿ ತೋರಿಸಿದ ಫೋಟೋಗಳಲ್ಲಿ ಒಂದನ್ನು ಆರಿಸಿ, ಅವರು ಹೇಳಿದ ಒಟ್ಟು ಮೊತ್ತಕ್ಕೆ ತಲೆಯಾಡಿಸಿ, ಅಡ್ವಾನ್ಸ್ ಕೊಟ್ಟು ಬರುತ್ತೇವೆ. ದುಂದು ಶುರುವಾಗುವುದೇ ಅಲ್ಲಿ.

ಮದುವೆ ಮನೆ ಕಣ್ತುಂಬ ಕಾಣಬೇಕು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆಯನ್ನು ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಅಲಂಕಾರದ ದುಡ್ಡು ಶಾಸ್ತ್ರ ನಡೆಯುವ ಜಾಗಕ್ಕೆ ಹೋಗಲಿ, ಫೋಟೋಗೆ ನಿಲ್ಲುವ ಗೋಡೆಗೆ ಬೇಡ ಎನ್ನುವುದಷ್ಟೇ ನನ್ನ ಮಾತು.

ಹಳೇ ಮೈಸೂರು ಕಡೆಯ ಪದ್ಧತಿಯನ್ನೇ ನೋಡಿ. ಆರತಕ್ಷತೆ ಹಿಂದಿನ ದಿನ ಸಂಜೆ, ಧಾರೆ ಮರುದಿನ ಬೆಳಗ್ಗೆ. ಸಂಜೆಗೆ ಒಂದು ವೇದಿಕೆ ಕಟ್ಟುತ್ತಾರೆ. ಊಟ ಮುಗಿದು ಜನ ಮಲಗುವ ಹೊತ್ತಿಗೆ ಅದನ್ನು ಕಿತ್ತು, ಬೆಳಗಿನ ಜಾವದೊಳಗೆ ಇನ್ನೊಂದು ಮಂಟಪ ಎಬ್ಬಿಸುತ್ತಾರೆ. ಸಂಜೆಯ ವೇದಿಕೆಗೆ ಮೂರು ನಾಲ್ಕು ಗಂಟೆಯ ಆಯುಸ್ಸು, ಆದರೆ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ. ಎರಡಕ್ಕೂ ಒಂದೇ ಚೌಕಟ್ಟು ಸಾಕು ಎಂದು ಮೊದಲೇ ಹೇಳಿಬಿಡಿ. ಸಂಜೆಗೆ ಹಿಂದೊಂದು ಬಟ್ಟೆ, ಹಿತವಾದ ದೀಪ. ಬೆಳಗ್ಗೆ ಅದೇ ಕಂಬಗಳಿಗೆ ಬಾಳೆಕಂದು, ಮಾವಿನ ತೋರಣ, ಹೊಸದಾಗಿ ಕಟ್ಟಿದ ಹೂಮಾಲೆ. ಹೂವಿಗೆಷ್ಟು, ಬಟ್ಟೆಗೆಷ್ಟು, ಲೈಟಿಗೆಷ್ಟು, ಸಾಗಣೆ ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ನಿಜವಾದ ಹೂ ಎಷ್ಟು, ಬಟ್ಟೆ ಹೂ ಎಷ್ಟು ಎಂದೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ದುಡ್ಡು ನಿಮ್ಮದು.

ಇನ್ನು ಹೂವು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆ ಹೋದವರಿಗೆ ಗೊತ್ತು, ಅಲ್ಲಿ ದರ ಎಂಬುದು ದಿನಕ್ಕೊಂದು. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆ ಬಂತೆಂದರೆ ಸೇವಂತಿಗೆ ಕೈಗೆ ಸಿಗುವುದಿಲ್ಲ. ಆಷಾಢದಲ್ಲಿ ಅದನ್ನೇ ಕೇಳುವವರು ಕಡಿಮೆ. ನಿಮ್ಮ ಮುಹೂರ್ತ ಹಬ್ಬದ ಪಕ್ಕದಲ್ಲಿದ್ದರೆ ಹೂವಿನ ಬದಲು ಎಲೆಯನ್ನು ಹೆಚ್ಚು ಬಳಸಿ. ಚಳಿಗಾಲದ ಮದುವೆಯಾದರೆ ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಧಾರಾಳವಾಗಿ ಸಿಗುತ್ತದೆ. ಹೊರದೇಶದಿಂದ ಬರುವ ಆರ್ಕಿಡ್ಡಿಗೆ ಕೊಡುವ ದುಡ್ಡಿನಲ್ಲಿ ನಮ್ಮ ರೈತರ ಹೂವಿನಿಂದ ಇಡೀ ಮಂಟಪ ತುಂಬಿಸಬಹುದು.

ಪ್ರತಿ ಹೂವಿಗೂ ಅದರದೇ ಸ್ವಭಾವ ಇದೆ. ಚೆಂಡು ಹೂ ಗಟ್ಟಿ, ಹಿಂದಿನ ಸಂಜೆ ಕಟ್ಟಿದ ಮಾಲೆ ಮರುದಿನ ಮಧ್ಯಾಹ್ನಕ್ಕೂ ಹಾಗೇ ಇರುತ್ತದೆ. ಆದ್ದರಿಂದ ಕಂಬಕ್ಕೆ, ಬಾಗಿಲಿಗೆ ಅದೇ ಸರಿ. ಕನಕಾಂಬರಕ್ಕೆ ಪರಿಮಳ ಇಲ್ಲ, ಬಾಳಿಕೆ ಇದೆ. ಸುಗಂಧರಾಜವನ್ನು ಮೊಗ್ಗಿನಲ್ಲೇ ತಂದರೆ ಸಂಜೆಗೆ ಬಿರಿದು ಮಂಟಪವೆಲ್ಲ ಘಮಘಮಿಸುತ್ತದೆ. ಮಲ್ಲಿಗೆಯನ್ನು ಮಾತ್ರ ದಯವಿಟ್ಟು ಕಂಬಕ್ಕೆ ಸುತ್ತಿಸಬೇಡಿ. ಲೈಟಿನ ಕಾವಿಗೆ ಅದು ಬೇಗ ಬಾಡುತ್ತದೆ. ಮೈಸೂರು ಮಲ್ಲಿಗೆಯಾಗಲಿ, ಉಡುಪಿ, ಹಡಗಲಿ ಮಲ್ಲಿಗೆಯಾಗಲಿ, ಅದರ ಜಾಗ ಮದುಮಗಳ ಜಡೆ, ಬಂದ ಹೆಣ್ಣುಮಕ್ಕಳ ಮುಡಿ. ಬಾಗಿಲಲ್ಲಿ ಒಂದು ತಟ್ಟೆ ಮಲ್ಲಿಗೆ ಇಟ್ಟು ಬಂದವರಿಗೆಲ್ಲ ಒಂದೊಂದು ತುಂಡು ಕೊಟ್ಟು ನೋಡಿ, ಛತ್ರವೇ ಪರಿಮಳಿಸುತ್ತದೆ.

ಹೂ ಚುಚ್ಚಲು ಈಗ ಹಸಿರು ಬಣ್ಣದ ಫೋಮ್ ಇಟ್ಟಿಗೆ ಬಳಸುತ್ತಾರೆ. ಅದು ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗುವುದಿಲ್ಲ. ಅದರ ಬದಲು ಬಾಳೆದಿಂಡು ತರಿಸಿ. ಗೇಣುದ್ದ ಕತ್ತರಿಸಿ ಅಡ್ಡ ಮಲಗಿಸಿ, ಹೂವಿನ ತೊಟ್ಟನ್ನು ಓರೆಯಾಗಿ ಕೊಯ್ದು ಚುಚ್ಚಿ. ತೊಟ್ಟು ಮೆತ್ತಗಿದ್ದರೆ ಮೊದಲು ತೆಂಗಿನ ಕಡ್ಡಿಯಿಂದ ತೂತು ಮಾಡಿಕೊಳ್ಳಿ. ದಿಂಡಿನಲ್ಲಿ ನೀರು ತಾನಾಗಿಯೇ ಇದೆ, ಬೇರೆ ಹನಿಸಬೇಕಾಗಿಲ್ಲ. ಮದುವೆ ಮುಗಿದ ಮೇಲೆ ದಿಂಡನ್ನು ದನಕ್ಕೆ ಹಾಕಬಹುದು. ಹೆಸರು ಕೊರೆಸಲು, ನವಿಲು ಕೊರೆಸಲು ಥರ್ಮಾಕೋಲ್ ಕೇಳುವವರು ಇನ್ನೂ ಇದ್ದಾರೆ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು ದೇಶದಾದ್ಯಂತ 2022ರ ಜುಲೈ 1ರಿಂದಲೇ ನಿಷೇಧಿಸಲಾಗಿದೆ.

ಮಲೆನಾಡು, ಕರಾವಳಿಯವರಿಗೆ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಅಡಿಕೆಯ ಹೊಂಬಾಳೆಯನ್ನು ಸೀಳಿ ಸಿಂಗಾರ, ಅಂದರೆ ಒಳಗಿನ ಹೂಗೊಂಚಲು ತೆಗೆದರೆ ಕೆನೆಬಣ್ಣದ ಎಳೆಗಳು ಬಿಚ್ಚಿದ ಜಡೆಯಂತೆ ಇಳಿಬೀಳುತ್ತವೆ. ಅದರ ಮುಂದೆ ಯಾವ ಪೇಟೆ ಹೂವೂ ನಿಲ್ಲುವುದಿಲ್ಲ. ಆದರೆ ಒಂದು ಸಿಂಗಾರ ತೆಗೆದರೆ ಒಂದು ಗೊನೆ ಅಡಿಕೆ ಹೋಯಿತು ಎಂದೇ ಲೆಕ್ಕ. ಮಂಟಪದ ನಾಲ್ಕು ಮೂಲೆಗೆ ನಾಲ್ಕು ಇದ್ದರೆ ಬೇಕಾದಷ್ಟಾಯಿತು.

ಹಿನ್ನೆಲೆಗೆ ಏನು ಮಾಡುವುದು ಎಂದು ಕೇಳುತ್ತೀರಿ. ಸಾಗರ, ಸೊರಬದ ಕಡೆ ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಕುಂಚಕ್ಕೆ ಪುಂಡಿ ನಾರು. ಬರೆಯುವವರು ಹೆಂಗಸರು. ಈಗ ಚಿತ್ತಾರವನ್ನು ಬಟ್ಟೆಯ ಮೇಲೂ ಬರೆದುಕೊಡುವ ಕಲಾವಿದರಿದ್ದಾರೆ. ಒಂದು ಸಂಜೆಯ ಹೂಗೋಡೆಗೆ ಕೊಡುವ ಹಣವನ್ನು ಅವರಿಗೆ ಕೊಟ್ಟು ಬರೆಸಿದರೆ, ಅದು ಮುಂದೆ ಮದುಮಕ್ಕಳ ಮನೆಯ ಗೋಡೆಯಲ್ಲಿ ಇರುತ್ತದೆ. ಬರೆಯಲು ಸಮಯ ಬೇಕು, ಎರಡು ಮೂರು ತಿಂಗಳ ಮುಂಚೆಯೇ ಹೇಳಿ.

ಅದೂ ಆಗದಿದ್ದರೆ ಮನೆಯ ಬೀರು ತೆಗೆಯಿರಿ. ಅಜ್ಜಿಯ ಇಳಕಲ್ ಸೀರೆ, ಅತ್ತೆಯ ಮೈಸೂರು ರೇಷ್ಮೆ ಮಡಿಕೆಯಲ್ಲೇ ಕೂತಿರುತ್ತವೆ. ಸೀರೆಗೆ ಪಿನ್ನು ಚುಚ್ಚಬೇಡಿ. ಬಿದಿರ ಗಳದ ಮೇಲೆ ಹಾಸಿ, ಸೆರಗು ಮುಂದೆ ಕಾಣುವಂತೆ ಇಳಿಬಿಡಿ. ಹೋಮಕುಂಡದಿಂದ ಕನಿಷ್ಠ ಐದಾರು ಅಡಿ ದೂರ ಇರಲಿ, ತುಪ್ಪ ಹಾಕಿದಾಗ ಏಳುವ ಕಿಡಿಯನ್ನು ನಂಬುವಂತಿಲ್ಲ.

ಲೈಟಿನ ವಿಷಯ ಬೇಗ ಮುಗಿಸುತ್ತೇನೆ. ಹೊರಗೆ ಸೀರಿಯಲ್ ಸೆಟ್ ಸಾಕು. ವೇದಿಕೆಗೆ ನೀಲಿ, ನೇರಳೆ ಬಣ್ಣದ ಲೈಟ್ ಬೇಡ. ಅರಿಶಿನ ಹಚ್ಚಿದ ಮುಖದ ಕಳೆಯೇ ಅದರಲ್ಲಿ ಹೋಗುತ್ತದೆ.

ಕೆಲಸವನ್ನೆಲ್ಲ ಹೊರಗಿನವರಿಗೆ ವಹಿಸಬೇಕಾಗಿಲ್ಲ. ಚಪ್ಪರದ ದಿನ ನೆಂಟರು ಬಂದೇ ಬಂದಿರುತ್ತಾರೆ. ಹುಡುಗರ ಕೈಗೆ ಮಾವಿನ ಸೊಪ್ಪು, ಸಣಬಿನ ದಾರ ಕೊಡಿ. ಎಲೆಯನ್ನು ದಾರದ ಮೇಲೆ ಮಡಚಿ ಅದರ ತೊಟ್ಟನ್ನೇ ಎಲೆಗೆ ಚುಚ್ಚಿದರೆ ತೋರಣವಾಯಿತು. ದೊಡ್ಡವರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಬೇಗ ಕಲಿಯುತ್ತಾರೆ.

ಕೊನೆಗೆ, ಅದೇ ಛತ್ರದಲ್ಲಿ ನಿಮ್ಮ ಹಿಂದಿನ ದಿನ ಅಥವಾ ಮರುದಿನ ಯಾರ ಮದುವೆ ಇದೆ ಎಂದು ಮ್ಯಾನೇಜರ್ ಹತ್ತಿರ ವಿಚಾರಿಸಿ. ಒಪ್ಪಿದರೆ ಬಾಗಿಲ ಕಮಾನು, ಚೌಕಟ್ಟಿನ ಬಾಡಿಗೆಯನ್ನು ಇಬ್ಬರೂ ಹಂಚಿಕೊಳ್ಳಬಹುದು. ಬಾಡಿದ ಹೂ, ಸೊಪ್ಪನ್ನು ಯಾರು, ಎಲ್ಲಿಗೆ ಒಯ್ಯಬೇಕು ಎಂಬುದನ್ನೂ ಅಡ್ವಾನ್ಸ್ ಕೊಡುವ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ.

ನಮಸ್ಕಾರ.