ಲಸಿಕೆ ಹಾಕಿಸಿದ್ರೂ ಜ್ವರ ಬಂತಲ್ಲ ಡಾಕ್ಟ್ರೇ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಲಸಿಕೆ ಕಾರ್ಡು ಎಲ್ಲಿ ಅಂತ ಕೇಳಿದರೆ ಬೀರುವಿನಿಂದ ತಕ್ಷಣ ತೆಗೆದು ತೋರಿಸುತ್ತೀರಿ. ನಿಮ್ಮದೆಲ್ಲಿ ಅಂದರೆ ನಗುತ್ತೀರಿ. 65 ದಾಟಿದವರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಇವತ್ತು ಸ್ವಲ್ಪ ಕಿವಿಗೊಡಿ.

ನಾನು ಜಾಸ್ತಿ ಕೇಳುವ ದೂರು ಇದು: "ಫ್ಲೂ ಲಸಿಕೆ ಹಾಕಿಸಿದ್ರೂ ಜ್ವರ ಬಂತು. ಸುಮ್ನೆ ಚುಚ್ಚಿಸಿಕೊಂಡೆ." ದೂರು ಸುಳ್ಳಲ್ಲ. ಆ ವರ್ಷದ ವೈರಸ್ಸಿಗೆ ಚೆನ್ನಾಗಿ ಹೊಂದಿದಾಗಲೂ, ಡಾಕ್ಟರ ಹತ್ತಿರ ಓಡಬೇಕಾಗುವಂಥ ಫ್ಲೂ ತಗಲುವ ಸಂಭವವನ್ನು ಈ ಲಸಿಕೆ ತಗ್ಗಿಸುವುದು ಶೇಕಡ 40ರಿಂದ 60ರಷ್ಟು. ಈ ವೈರಸ್ ತನ್ನ ನಕಲು ತೆಗೆಯುವಾಗ ತಪ್ಪು ಮಾಡುತ್ತಲೇ ಇರುತ್ತದೆ. ಆ ತಪ್ಪುಗಳಿಂದಲೇ ಅದರ ವೇಷ ಬದಲಾಗುತ್ತದೆ. ಲಸಿಕೆಗೆ ಯಾವ ತಳಿಗಳು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ, ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ. ತಿಂಗಳುಗಟ್ಟಲೆ ಮುಂಚೆಯೇ ಅಂದಾಜು ಹಾಕಬೇಕು. ಕೆಲವು ವರ್ಷ ಅಂದಾಜು ಕೈಕೊಡುತ್ತದೆ.

ಮತ್ಯಾಕೆ ಹಾಕಿಸಬೇಕು? ಮೂಗು ಸೋರಿದರೆ ಸೋರಲಿ, ಕಾಯಿಲೆ ಗಂಟಲಿನಿಂದ ಕೆಳಗೆ ಇಳಿಯಬಾರದು, ಅದಕ್ಕೆ. ಇಳಿದರೆ ಶ್ವಾಸಕೋಶಕ್ಕೇ ನಿಲ್ಲುತ್ತದೆ ಅಂತಲೂ ಇಲ್ಲ. ಕೆನಡಾದ ಒಂಟಾರಿಯೊದಲ್ಲಿ ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಫ್ಲೂ ಪರೀಕ್ಷೆಯಲ್ಲಿ ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಂಭವ ಮಾಮೂಲಿ ದಿನಗಳಿಗಿಂತ ಸುಮಾರು 6 ಪಟ್ಟು ಜಾಸ್ತಿ ಇತ್ತು. ಸೋಂಕಿನ ಉರಿಯೂತದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ, ಆಮ್ಲಜನಕ ಸಾಲದಾಗುತ್ತದೆ. "ಬರೀ ಫ್ಲೂ ಬಿಡಿ" ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನೊಬ್ಬ ಕಳ್ಳ ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಎಷ್ಟೋ ಜನರ ಮೂಗಿನ ಹಿಂದೆ ತಣ್ಣಗೆ ಕೂತಿರುತ್ತದೆ. ಮೈಮೇಲೆ ಸಕ್ಕರೆ ಅಣುಗಳ ಜಾರುವ ಕೋಟು. ಬಿಳಿ ರಕ್ತಕಣ ಹಿಡಿಯಲು ಹೋದರೆ ನುಣುಚಿಕೊಳ್ಳುತ್ತದೆ. ಫ್ಲೂ ಬಂದು ಶ್ವಾಸನಾಳದ ಒಳಪದರ ಹಾಳಾಯಿತೋ, ಇದಕ್ಕೆ ಕೆಳಗಿಳಿಯಲು ದಾರಿ ಸಲೀಸು. 1918ರ ಫ್ಲೂನಲ್ಲಿ ಸತ್ತವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಹೀಗೆ ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಲಸಿಕೆ ಈ ಕೋಟಿನ ಗುರುತು ಹಿಡಿಯಲು ಕಲಿಸುತ್ತದೆ. ಆದರೆ ಕೋಟಿನಲ್ಲಿ 90ಕ್ಕೂ ಹೆಚ್ಚು ಬಗೆ! ಹೊಸ ಲಸಿಕೆಗಳಲ್ಲಿ 20, 21 ಬಗೆಗಳ ಗುರುತಿದೆ. ಬರೀ ಸಕ್ಕರೆ ತೋರಿಸಿದರೆ ದೇಹ ಬೇಗ ಮರೆಯುತ್ತದೆ ಅಂತ ಅದನ್ನು ಒಂದು ಪ್ರೋಟೀನಿಗೆ ಅಂಟಿಸಿ ಕೊಡುತ್ತಾರೆ. ಹಿಂದೆ ನ್ಯುಮೊಕಾಕಸ್ ಲಸಿಕೆ ಹಾಕಿಸದವರಿಗೆ ಈ ಹೊಸದು ಸಾಮಾನ್ಯವಾಗಿ ಒಂದೇ ಡೋಸ್. ಫ್ಲೂ ಲಸಿಕೆಯ ಹಾಗೆ ವರ್ಷಾ ವರ್ಷಾ ಬೇಡ.

ಆರ್‌ಎಸ್‌ವಿ ಅನ್ನುವುದು ಉಸಿರಾಟದ ಸೋಂಕು ತರುವ ಇನ್ನೊಂದು ವೈರಸ್. ಅದು ಎಳೆ ಮಕ್ಕಳಿಗೆ ಬರುವ ಕಾಯಿಲೆ ಅಂತಲೇ ಬಹಳ ಜನ ತಿಳಿದಿದ್ದರು. ವಯಸ್ಸಾದವರನ್ನೂ ಅದು ಆಸ್ಪತ್ರೆಗೆ ಸೇರಿಸುತ್ತದೆ. ಅವರಿಗಾಗಿ ಮಾಡಿದ ಮೊದಲ ಲಸಿಕೆಗಳಿಗೆ ಅನುಮತಿ ಸಿಕ್ಕಿದ್ದು 2023ರಲ್ಲಿ. ಮನೆಗೆ ಹಸುಗೂಸು ಬರುವುದಿದ್ದರೆ ಅಜ್ಜ ಅಜ್ಜಿ ನಾಯಿಕೆಮ್ಮಿನ ಲಸಿಕೆಯನ್ನೂ ಡಾಕ್ಟರ ಹತ್ತಿರ ವಿಚಾರಿಸಿ.

ಕೊನೆಗೆ, ಈಗ ಮುಂದಿನ ಸಾಲಿನಿಂದ ಬಂದ ಚೀಟಿ: "ಇಂಜೆಕ್ಷನ್ನಿಂದಲೇ ಫ್ಲೂ ಬರುತ್ತಾ?" ಬರುವುದಿಲ್ಲ. ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು. ರಕ್ಷಣೆ ಕೂಡಿಬರಲು ಸುಮಾರು 2 ವಾರ ಬೇಕು. ಆ ನಡುವೆ ಪಕ್ಕದವರು ಸೀನಿದರೆ ನಿಮಗೂ ತಗಲಬಹುದು, ಆಗ ಬೈಗುಳ ಮಾತ್ರ ಲಸಿಕೆಗೆ! ಅದಕ್ಕೇ ಫ್ಲೂ ಕಾಲ ಶುರುವಾಗುವ ಮುಂಚೆಯೇ ಹಾಕಿಸಿಕೊಳ್ಳಿ. ಮುಂದಿನ ಚೀಟಿ ಕೊಡಿ.