ಫಿನ್ನಿಶ್ ಕಂಪ್ಯೂಟರಿನೊಳಗೊಬ್ಬ ಮಂತ್ರವಾದಿ

[ದೃಶ್ಯ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಲಿಫ್ಟ್. ಗುಂಡಿಗಳ ಪಕ್ಕದ ‘KONE’ ಎಂಬ ಹೆಸರಿನ ಮೇಲೆ ಕ್ಯಾಮೆರಾ ನಿಲ್ಲುತ್ತದೆ.]

ಈ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಎಲ್ಲೋ ಒಂದು ಲಿಫ್ಟಿನಲ್ಲಿ ನೋಡಿರುತ್ತೀರಿ. ನಾವು ‘ಕೋನ್’ ಅಂತ ಓದುತ್ತೇವೆ. 1910ರಲ್ಲಿ ಫಿನ್‌ಲೆಂಡಿನಲ್ಲಿ ಶುರುವಾದ ಕಂಪನಿ ಇದು. ಅಲ್ಲಿಯವರು ಈ ಪದವನ್ನು ಹೆಚ್ಚುಕಡಿಮೆ ನಮ್ಮ ‘ಕೊನೆ’ ಥರವೇ ಹೇಳುತ್ತಾರೆ. ಲಿಫ್ಟಿನಲ್ಲಿ ಕೊನೆ ಅಂತ ಬರೆದಿದೆ ಎಂದು ಗಾಬರಿ ಬೇಡ! ಅವರ ಕೊನೆ ಅಂದರೆ ಯಂತ್ರ, ಅಷ್ಟೇ.

ಹಾಗಾದರೆ ಕಂಪ್ಯೂಟರಿಗೆ? ‘ತಿಯೆತೊಕೊನೆ’.

[ಪರದೆಯ ಮೇಲೆ: ತಿಯೆತೊ + ಕೊನೆ]

ತಿಯೆತೊ ಅಂದರೆ ತಿಳಿವಳಿಕೆ, ಮಾಹಿತಿ. ಮೊದಮೊದಲು ಈ ಹೆಸರಿರಲಿಲ್ಲ. 1954ರಲ್ಲಿ ಕಂಪ್ಯೂಟರ್ ಕಟ್ಟಲು ಅಲ್ಲೊಂದು ಸಮಿತಿ ಮಾಡಿದರು. ಅದರ ಹೆಸರು ‘ಗಣಿತಯಂತ್ರ ಸಮಿತಿ’. ಅವರ ‘ಎಸ್ಕೊ’ ಎಂಬ ಕಂಪ್ಯೂಟರ್ ಸಿದ್ಧವಾಗುವಷ್ಟರಲ್ಲಿ 1960 ಬಂದಿತ್ತು. ಪಾಪ, ಅಲ್ಲಿಯ ಅಂಚೆ ಉಳಿತಾಯ ಬ್ಯಾಂಕು 1958ರಲ್ಲೇ ಐಬಿಎಂ ಯಂತ್ರ ತರಿಸಿಕೊಂಡಾಗಿತ್ತು. ಮುಂದೆ ಗಣಿತ ಹೋಯಿತು, ತಿಯೆತೊ ಉಳಿಯಿತು.

ಈಗ ಆ ಎರಡು ತುಂಡುಗಳನ್ನು ಬಿಡಿಸಿ ನೋಡೋಣ. ಮಜಾ ಇರುವುದೇ ಅಲ್ಲಿ.

ತಿಯೆತೊ ಬಂದದ್ದು ‘ತಿಳಿ’ ಎನ್ನುವ ಅರ್ಥದ ಕ್ರಿಯಾಪದದಿಂದ. ಅದರ ಬೇರು ‘ತಿಯೆ’, ಅಂದರೆ ದಾರಿ, ಎನ್ನುತ್ತಾರೆ ಭಾಷಾತಜ್ಞರು. ಸುತ್ತ ಕಾಡು, ಹಿಮ, ಸಾವಿರಾರು ಕೆರೆಗಳು. ಅಂಥ ಕಡೆ ದಾರಿ ಗೊತ್ತಿದ್ದವನೇ ತಿಳಿದವನು, ಅಲ್ವಾ? ಅದೇ ಕ್ರಿಯಾಪದದಿಂದ ‘ತಿಯೆತ್ಯಾಯಾ’ ಎಂಬ ಪದವೂ ಹುಟ್ಟಿತು. ಮಂತ್ರ ಬಲ್ಲವನು, ಕಾಯಿಲೆ ಬಿಡಿಸುವವನು. ಅವರ ಮಹಾಕಾವ್ಯ ‘ಕಲೆವಲ’ದಲ್ಲಿ ಮುದುಕ ವೈನಾಮೊಯ್ನೆನ್‌ಗೆ ಇದೇ ಬಿರುದು.

ಇನ್ನು ಕೊನೆ. ಹಳೆಯ ಆಡುಮಾತಿನಲ್ಲಿ ಅದು ಮಾಟ, ಮಾಟದ ಸಾಮಾನು! 19ನೇ ಶತಮಾನದಲ್ಲಿ ಮೆಷಿನ್‌ಗೊಂದು ಹೆಸರು ಬೇಕಾದಾಗ ಇದನ್ನೇ ಎತ್ತಿಕೊಂಡರು.

[ದೃಶ್ಯ: ತಾಮ್ರದ ತಗಡು, ಅದರ ಮೇಲೆ ಗೆರೆಗಳು]

ನಗಬೇಡಿ. ನಮ್ಮ ‘ಯಂತ್ರ’ ಏನು ಕಡಿಮೆಯೇ? ಗಣಕಯಂತ್ರ ಅನ್ನುವ ನಾವೇ, ಮಗು ರಾತ್ರಿ ಬೆಚ್ಚಿಬಿದ್ದರೆ ಯಂತ್ರ ಕಟ್ಟಿಸುತ್ತೇವೆ. ತಗಡಿನ ಮೇಲೆ ಗೆರೆ, ಬೀಜಾಕ್ಷರ, ಸುರುಳಿ ಸುತ್ತಿ ತಾಯತದೊಳಗೆ. ಫಿನ್‌ಲೆಂಡಿನಲ್ಲಿ ಈಗ ಕೊನೆ ಎಂದರೆ ಮೆಷಿನ್ ಮಾತ್ರ. ನಮ್ಮಲ್ಲಿ ಹಳೆಯ ಅರ್ಥ ಇನ್ನೂ ಕೊರಳಲ್ಲಿ ನೇತಾಡುತ್ತಿದೆ.

ನಿಮ್ಮೂರಲ್ಲಿ ಇದಕ್ಕೆ ಯಂತ್ರ ಅನ್ನುತ್ತಾರಾ, ತಾಯತ ಅನ್ನುತ್ತಾರಾ, ಬೇರೆ ಹೆಸರಿದೆಯಾ? ಕಾಮೆಂಟಿನಲ್ಲಿ ಬರೆಯಿರಿ.